ಕಡಪಾ ಕಲ್ಲೂ ಕಳ್ಳ ಫೈಲೂ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜಾಯಮಾನ ನನ್ನದು. ಹಾಗಾಗಿ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಓಪನ್ ಸೋರ್ಸ್ ವಿನ್ಯಾಸ ತಂತ್ರಾಂಶಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಂಡಿವೆ. ಫೋಟೊ ತಿದ್ದಲು ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್, ಗೊಂಬೆ ಕುಣಿಸಲು ಬ್ಲೆಂಡರ್, ಮನೆಯ ನಕ್ಷೆಗೆ ಲಿಬ್ರೆಕ್ಯಾಡ್, ಯಂತ್ರದ ಬಿಡಿಭಾಗಗಳಿಗೆ ಫ್ರೀಕ್ಯಾಡ್. ಇಷ್ಟೆಲ್ಲ ಇಟ್ಟುಕೊಂಡು ನಾನು ಈವರೆಗೆ ವಿನ್ಯಾಸ ಮಾಡಿದ್ದು ಸತ್ಯನಾರಾಯಣ ಪೂಜೆಯ ಕರೆಯೋಲೆಯೊಂದನ್ನೇ. ಅದರಲ್ಲೂ ದೇವರಿಗಿಂತ ಬಾಳೆಕಂಬ ದೊಡ್ಡದಾಗಿತ್ತು.

ಆದರೆ ಈ ತಂತ್ರಾಂಶಗಳ ದೋಷಗಳ ವಿಷಯದಲ್ಲಿ ನಾನು ಪಂಡಿತ. ರಾತ್ರಿ ನಿದ್ದೆ ಬರದಿದ್ದರೆ ಭದ್ರತಾ ಪ್ರಕಟಣೆಗಳನ್ನು ಓದುತ್ತೇನೆ. ಓದಿದ ಮೇಲೆ, ಹೋಗಲಿ ಪಾಪ ಅಂತ ಬರುತ್ತಿದ್ದ ನಿದ್ದೆಯೂ ವಾಪಸಾಗುತ್ತದೆ.

ನಮ್ಮ ಅಡುಗೆಮನೆಗೆ ಕಡಪಾ ಕಲ್ಲಿನ ಹೊಸ ಶೆಲ್ಫು ಕೂರಿಸುವ ದಿನ ಈ ಪಾಂಡಿತ್ಯ ಕೈಕೊಡುತ್ತದೆಂದು ಗೊತ್ತಿರಲಿಲ್ಲ. ನನ್ನ ಹೆಂಡತಿಯ ಅಣ್ಣನ ಮಗ ಸಿವಿಲ್ ಎಂಜಿನಿಯರು. ಅತ್ತೆಯ ಮೇಲಿನ ಪ್ರೀತಿಗೆ ದುಡ್ಡು ತಗೊಳ್ಳದೆ ನಕ್ಷೆ ಬರೆದು, ಡಿಎಕ್ಸ್‌ಎಫ್ ಫೈಲು ಮಾಡಿ ಕಳಿಸಿದ್ದ. ಮೇಸ್ತ್ರಿ ಸಿಮೆಂಟು ಕಲಸಿಟ್ಟುಕೊಂಡು ನಿಂತಿದ್ದ.

“ರೀ, ಅದನ್ನೊಂದು ತೆಗೆದು ಅಳತೆ ಹೇಳ್ರೀ.”

“ಹಾಗೆಲ್ಲ ತೆಗೆಯೋಕಾಗಲ್ಲ ಕಣೇ” ಎಂದು ಗಂಟಲು ಸರಿಮಾಡಿಕೊಂಡೆ. “2021ರ ನವೆಂಬರಿನಲ್ಲಿ ಸಿಸ್ಕೊ ಟ್ಯಾಲೋಸ್‌ನ ಸಂಶೋಧಕರು, ಲಿಬ್ರೆಕ್ಯಾಡ್ ನಕ್ಷೆ ಓದಲು ಬಳಸುವ ಲೈಬ್ರರಿಯಲ್ಲಿ ಮೂರು ತೂತು ಇದೆ ಅಂತ ಪ್ರಕಟಿಸಿದ್ದಾರೆ. ಬೇಕೂಂತ ಕೆಡಿಸಿದ ಫೈಲನ್ನು ನಾನು ತೆರೆದರೆ ಸಾಕು, ಅದರೊಳಗೆ ಅಡಗಿಸಿಟ್ಟ ಆಜ್ಞೆಯನ್ನು ನಮ್ಮ ಕಂಪ್ಯೂಟರು ನಡೆಸಿಬಿಡಬಹುದು.”

“ನಕ್ಷೆ ಹೇಗ್ರೀ ಆಜ್ಞೆ ಮಾಡುತ್ತೆ?”

ಪ್ರಶ್ನೆ ಕೇಳಿದ್ದೇ ನನಗೆ ಹಬ್ಬವಾಯಿತು. ಮೇಸ್ತ್ರಿಯನ್ನೂ ಒಳಗೆ ಕರೆದೆ. “ನಿಮ್ಮ ಕಡೆಯವರು ನಾಮಕರಣಕ್ಕೆ ಬರುವಾಗ ಹತ್ತು ಜನ ಅಂತ ಫೋನು ಮಾಡ್ತಾರೆ. ನಾವು ಹತ್ತು ಎಲೆ ಹಾಕ್ತೀವಿ. ಬರೋದು ನಲವತ್ತು ಜನ. ಮೂವತ್ತು ಜನಕ್ಕೆ ಜಾಗವಿಲ್ಲದೆ ಅಡುಗೆಮನೆಗೆ ನುಗ್ತಾರೆ. ಅವರಲ್ಲೊಬ್ಬ ಸೌಟು ಹಿಡಿದು, ಸಾರಿಗೆ ಇದು ಹಾಕು, ಪಾಯಸಕ್ಕೆ ಅದು ಹಾಕು ಅಂದರೆ ಅಡುಗೆ ಭಟ್ಟ ಮಾಡೇಬಿಡ್ತಾನೆ. ಮಾತು ಅಡುಗೆಮನೆ ಒಳಗಿಂದಲೇ ಬಂತಲ್ಲ! ಫೈಲೂ ಅಷ್ಟೇ. ತನ್ನ ಗಾತ್ರ ಇಷ್ಟು ಅಂತ ಅದು ಸುಳ್ಳು ಹೇಳುತ್ತೆ, ತಂತ್ರಾಂಶ ಅಳೆದು ನೋಡದೆ ನಂಬುತ್ತೆ, ಹೆಚ್ಚಾದದ್ದು ಪಕ್ಕದ ಜಾಗಕ್ಕೆ ಉಕ್ಕಿ ಅಲ್ಲಿಂದ ಅಧಿಕಾರ ಚಲಾಯಿಸುತ್ತೆ.”

ಮೇಸ್ತ್ರಿಗೆ ಅರ್ಥವಾಯಿತು. ಹೆಂಡತಿಗೆ ‘ನಿಮ್ಮ ಕಡೆಯವರು’ ಅನ್ನುವುದಷ್ಟೇ ಅರ್ಥವಾಯಿತು. ಮಾತಾಡದೆ ಅಣ್ಣನ ಮಗನಿಗೆ ಫೋನು ಹಚ್ಚಿ ನನ್ನ ಕೈಗಿತ್ತಳು.

“ಮಾವ, ಡಿಎಕ್ಸ್‌ಎಫ್ ಬೇಡದಿದ್ರೆ ಡಿಡಬ್ಲ್ಯುಜಿ ಕಳಿಸ್ಲಾ?”

“ಆ ಮೂರು ತೂತಿನಲ್ಲಿ ಎರಡು ಡಿಡಬ್ಲ್ಯುಜಿಯಲ್ಲೇ ಇದ್ದದ್ದು ಕಣಪ್ಪ. ಫ್ರೀಕ್ಯಾಡಿನಲ್ಲಿ ತೆರೆಯೋಣ ಅಂದ್ರೆ, ಅದರ 0.19ನೇ ಆವೃತ್ತಿ ಇಂಥ ಫೈಲನ್ನು ಬದಲಾಯಿಸೋಕೆ ಬೇರೊಂದು ಪ್ರೋಗ್ರಾಮನ್ನು ಕರೀತಿತ್ತು. ಕರೆಯುವಾಗ ಫೈಲಿನ ಹೆಸರನ್ನು ಸೋಸದೆ ದಾಟಿಸ್ತಿತ್ತು. ಹೆಸರಿನಲ್ಲೇ ಆಜ್ಞೆ ಬರೆದಿಟ್ಟರೆ ಮುಗೀತು.”

“ಹಾಗಾದ್ರೆ ಜೆಪಿಜಿ?”

“2016ರ ಮೇ ತಿಂಗಳಲ್ಲಿ, ಚಿತ್ರಗಳನ್ನು ಬದಲಾಯಿಸುವ ಇಮೇಜ್‌ಮ್ಯಾಜಿಕ್ ಅನ್ನೋ ತಂತ್ರಾಂಶಕ್ಕೆ ಆದ ಗತಿ ನಿನಗೆ ಗೊತ್ತಿಲ್ಲ. ಹೊರಗೆ ಜೆಪಿಜಿ ಅಂತ ಹೆಸರು, ಒಳಗೆ ಬೇರೆಯದೇ ಬರಹ. ಅದು ಹೆಸರು ನೋಡದೆ ಒಳಗಿನದನ್ನು ನೋಡಿ ಓದುವಂಥದ್ದು. ಓದಿ, ಒಳಗಿದ್ದ ಆಜ್ಞೆಯನ್ನು ಸೀದಾ ಶೆಲ್ಲಿಗೆ, ಅಂದ್ರೆ ಕಂಪ್ಯೂಟರಿನ ಆಜ್ಞೆ ನಡೆಸುವ ಪ್ರೋಗ್ರಾಮಿಗೆ, ಕೊಡ್ತಿತ್ತು. ಇಮೇಜ್‌ಟ್ರ್ಯಾಜಿಕ್ ಅಂತ ಅದಕ್ಕೆ ನಾಮಕರಣವೂ ಆಯ್ತು.”

“ಫೋಟೊಶಾಪ್ ಫೈಲು ಮಾಡಿದ್ರೆ?” ಹುಡುಗನ ತಾಳ್ಮೆ ದೊಡ್ಡದು, ನಮ್ಮ ಕಡೆಯವರಲ್ಲಿ ಇಷ್ಟಿಲ್ಲ. ಗಿಂಪ್ ತನ್ನ 2.10.36ನೇ ಆವೃತ್ತಿಯಲ್ಲಿ, 2023ರ ನವೆಂಬರಿನಲ್ಲಿ, ಪಿಎಸ್‌ಡಿ, ಪಿಎಸ್‌ಪಿ, ಡಿಡಿಎಸ್ ಫೈಲುಗಳನ್ನು ಓದುವ ಕಡೆ ನಾಲ್ಕು ತೂತು ಮುಚ್ಚಿದ ಕಥೆಯನ್ನು ವಿವರವಾಗಿ ಹೇಳಿದೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳೇನೂ ಸಾಚಾ ಅಲ್ಲ, ಓಪನ್ ಸೋರ್ಸಿನವರ ತೂತನ್ನು ಮಾತ್ರ ಯಾರು ಬೇಕಾದರೂ ಒಳಹೊಕ್ಕು ನೋಡಬಹುದು ಎಂದು ನ್ಯಾಯವಾಗಿ ಸೇರಿಸಿದೆ.

“ಈ ತಂತ್ರಾಂಶಗಳನ್ನು ಮಾಡಿದವರೇ ಏನಂತಾರೆ?” ಹಿಂದಿನಿಂದ ಹೆಂಡತಿ ಕೇಳಿದಳು.

ಉತ್ತರ ಹೇಳದಿದ್ದರೆ ಚೆನ್ನಿತ್ತು. ಆದರೆ ಗೊತ್ತಿದ್ದೂ ಹೇಳದಿರುವುದು ನನಗೆ ಬಂದ ವಿದ್ಯೆಯಲ್ಲ. “ಬ್ಲೆಂಡರ್ ಫೈಲಿನಲ್ಲಿ ಪೈಥಾನ್ ಪ್ರೋಗ್ರಾಮನ್ನೇ ಇಡಬಹುದು. ಅದಕ್ಕೇ ಟ್ಯಾಲೋಸಿನವರು ಅದರ ದೋಷ ತೋರಿಸಿದಾಗ ಬ್ಲೆಂಡರಿನವರು ಮೊದಲು ಏನಂದ್ರು ಗೊತ್ತಾ? ಪ್ರೋಗ್ರಾಂ ಓಡಿಸುವುದೂ ಒಂದೇ, ನಮ್ಮ ಫೈಲು ತೆರೆಯುವುದೂ ಒಂದೇ, ಅದು ಬಂದ ಕಡೆಯನ್ನು ನಂಬಿದರೆ ಮಾತ್ರ ತೆರೀರಿ ಅನ್ನೋ ಅರ್ಥದಲ್ಲಿ ಹೇಳಿದ್ರು.”

“ಅಂದ್ರೆ, ನನ್ನ ಅಣ್ಣನ ಮಗ ನಂಬೋಕೆ ಯೋಗ್ಯನಲ್ಲ.”

“ಅವನಲ್ಲ ಕಣೇ, ಅವನ ಫೈಲು.”

“ಅವನ ಮದುವೇಲಿ ಮೂರು ಸಲ ಹೋಳಿಗೆ ಹಾಕಿಸಿಕೊಂಡಾಗ ಅದರೊಳಗೇನಿದೆ ಅಂತ ಸೋಸಿದ್ರಾ? ಅದಿರಲಿ, ನಿಮ್ಮ ಲ್ಯಾಪ್‌ಟಾಪಲ್ಲಿ ಕದಿಯೋಕೆ ಏನಿದೆ?”

“ನನ್ನ ಕಾದಂಬರಿಯಿದೆ.”

“ಕದ್ದವನೇ ಮುಗಿಸಲಿ ಬಿಡಿ.”

ಫೋನು ಇನ್ನೂ ಕಟ್ಟಾಗಿರಲಿಲ್ಲ. “ಮಾವ, ಅವನ್ನೆಲ್ಲ ಯಾವತ್ತೋ ಸರಿಮಾಡಿದಾರೆ. ಹೊಸ ಆವೃತ್ತಿ ಹಾಕ್ಕೊಳಿ, ಅಷ್ಟೇ” ಎಂದ. ಇರಬಹುದು. ತೂತು ಬಿದ್ದ ಸುದ್ದಿಯನ್ನು ಓದುವಷ್ಟು ಆಸೆಯಿಂದ ತೂತು ಮುಚ್ಚಿದ ಸುದ್ದಿಯನ್ನು ನಾನು ಓದುವುದಿಲ್ಲ. ಅದರಲ್ಲಿ ಸ್ವಾರಸ್ಯ ಕಡಿಮೆ. ಗಿಂಪಿನದು ನೆನಪಿರುವುದೂ ನಾಲ್ಕು ಅನ್ನುವ ಸಂಖ್ಯೆಯ ದೆಸೆಯಿಂದ. ಆದರೂ ಮರ್ಯಾದೆಗೆ ಹೊಸ ಲಿಬ್ರೆಕ್ಯಾಡ್ ಇಳಿಸಿಕೊಳ್ಳಲು ಕೂತೆ. ಅದು ಇಳಿಯುವ ಹೊತ್ತಿಗೆ ಒಳಗೆ ಸಿಮೆಂಟು ಕೆರೆಯುವ ಸದ್ದು ಕೇಳಿಸಿತು. ಹೆಂಡತಿ ಗೋಡೆಗೆ ಒರಗಿ ನಿಂತು ಕೈ ಎಟುಕುವಷ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳಂತೆ. ಮೇಸ್ತ್ರಿ ಅದರ ಮೇಲೆ ಕಲ್ಲು ಕೂರಿಸಿಯೂ ಆಗಿತ್ತು.

“ಸಾರ್, ಕೂಲಿ” ಎಂದು ಅವನು ಮೊಬೈಲು ಮುಂದೆ ಹಿಡಿದ. ಪರದೆಯ ಮೇಲೆ ಕ್ಯೂಆರ್ ಕೋಡು. ನಾನು ನನ್ನದನ್ನು ತೆಗೆದು ಟಕ್ಕಂತ ತೋರಿಸಿದೆ.

“ಆ ಚೌಕದೊಳಗೆ ಏನು ಬರೆದಿದೆ ಅಂತ ಓದಿಕೊಂಡ್ರಾ?” ಎಂದಳು.

ಅಷ್ಟರಲ್ಲಿ ದುಡ್ಡು ಹೋಗಿಯಾಗಿತ್ತು.