ಕಲ್ಮಲದ ಬಂಗಾರದಂಗಡಿ: ಒಂದು ಶಾಸ್ತ್ರೋಕ್ತ ಮೀಮಾಂಸೆ

ಬಂಗಾರ ಭೂಮಿಯಿಂದ ಬರುತ್ತದೆಂಬುದು ಭೂಗರ್ಭಶಾಸ್ತ್ರಜ್ಞರ ಮತ. ಕಲ್ಮಲದ ಸಂಪ್ರದಾಯ ಇದನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಬಂಗಾರ ಹತ್ತಿಯಿಂದ ಬರುತ್ತದೆ. ಹತ್ತಿ ರಾಯಚೂರಿನ ಮಾರುಕಟ್ಟೆಗೆ ಹೋಗಿ ರೊಕ್ಕವಾಗುತ್ತದೆ, ರೊಕ್ಕ ಬೋರಮಾಳವಾಗುತ್ತದೆ, ಬೋರಮಾಳ ಮುಂಗಾರಿನ ಹೊತ್ತಿಗೆ ಬೀಜ-ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಈ ಜನ್ಮಾಂತರಗಳ ನಡುವೆ ಆತ್ಮ ತಂಗುವ ಛತ್ರವೇ ಓಣಿಯ ಬಂಗಾರದಂಗಡಿ.

ಮೊದಲು ಸ್ಥಳನಿರ್ಣಯ. ಕಲ್ಮಲ ರಾಯಚೂರು ತಾಲೂಕಿನ ಊರು. ಕಲ್ಮಲ–ಶಿಗ್ಗಾಂವ ರಾಜ್ಯ ಹೆದ್ದಾರಿಗೆ ಅರ್ಧ ಹೆಸರನ್ನು ಧಾರೆಯೆರೆದ ಊರು. ಇದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. 'ಗಣಿ ನಮ್ಮದೇ ಜಿಲ್ಲೆಯದು, ಸಾಗಾಣಿಕೆ ಖರ್ಚಾದರೂ ಕಡಿಮಿ ಮಾಡ್ರಿ' ಎಂದು ವಾದ ಹೂಡಿದವರಿದ್ದಾರೆ. ಗೆದ್ದವರು ಯಾರೂ ಇಲ್ಲ.

ಇನ್ನು ಶಾಸನಾಧಾರ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರ ಹುಡುಕುತ್ತ ಇದೇ ಜಿಲ್ಲೆಯ ಮಸ್ಕಿಗೆ ಬಂದ. ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಅದರಲ್ಲಿ ಅಶೋಕ ಎಂಬ ಹೆಸರೇ ನೇರವಾಗಿ ಇತ್ತು. ಹಾಗಾಗಿ ರಾಯಚೂರು ಸೀಮೆಯಲ್ಲಿ ಬಂಗಾರದ ಬೆನ್ನು ಹತ್ತಿದವನಿಗೆ ಹೆಸರೇ ಸಿಗುತ್ತದೆಂಬ ಸಿದ್ಧಾಂತವನ್ನು ಇಲ್ಲಿ ಮಂಡಿಸಲಾಗಿದೆ. ಓಣಿಯ ಅಂಗಡಿಕಾರನ ನಿಜವಾದ ದಾಸ್ತಾನೂ ಅದೇ. ಸರ ಮುಂದಿಟ್ಟರೆ ಸಾಕು: 'ಇದು ನಿಮ್ಮ ಅತ್ತೀದು ಅಲ್ರೀ? ಕೊಂಡಿ ಆಗಲೇ ಸಡಲ ಇತ್ತು.' ಯಾವ ಮನೆಯ ಉಂಗುರ ಯಾವ ಮದುವೆಗೆ ಹುಟ್ಟಿ ಯಾವ ಆಸ್ಪತ್ರೆ ಖರ್ಚಿಗೆ ಕರಗಿತೆಂಬುದು ಅವನಿಗೆ ಬಾಯಿಪಾಠ.

ಸರ್ಕಾರವೂ ಇಂಥದೊಂದು ನೆನಪು ಸೃಷ್ಟಿಸಲು ಹೊರಟು, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯ ಮಾಡಿತು. 22 ಕ್ಯಾರೆಟ್ಟಿಗೆ 916 ಎಂಬ ಮುದ್ರೆ ಬೇರೆ. ಆದರೆ 2 ಗ್ರಾಮಿಗಿಂತ ಹಗುರಾದ ಒಡವೆಗೂ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮೀರದ ಅಂಗಡಿಗೂ ವಿನಾಯಿತಿ. ಅಂದರೆ ಮೂಗುಬಟ್ಟಿನ ಮಟ್ಟಿಗೆ ಓಣಿಯ ನೆನಪೇ ಇಂದಿಗೂ ಅಂತಿಮ ಪ್ರಾಧಿಕಾರ.

ಸೇವೆಗಳಲ್ಲಿ ಕಿವಿ ಚುಚ್ಚುವುದು, ಬೆಸುಗೆ, ಪಾಲಿಶ್ ಸಣ್ಣ ಸಂಗತಿಗಳು. ಹಳೆ ಬಂಗಾರದ ಬದಲಾವಣೆಯೇ ಮಹಾಯಾಗ. ಒರೆಗಲ್ಲಿನ ಮೇಲೆ ಗೆರೆ, ಗೆರೆಯ ಮೇಲೆ ಆ್ಯಸಿಡ್, ಎಲ್ಲರ ಮೇಲೆ ಮೌನ. ಆಮೇಲೆ 'ಫ್ಯಾನ್ ಬಂದ್ ಮಾಡ್ರಿ' ಎಂಬ ಮಂತ್ರ. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನ್ ಆರಿಸುವುದು ತಪಸ್ಸಿಗೆ ಸಮ. ಗಾಳಿ ತಕ್ಕಡಿಯನ್ನು ಮುಟ್ಟಬಾರದೆಂದು ಗಿರಾಕಿಯೂ ಉಸಿರು ಹಿಡಿಯುತ್ತಾನೆ. ಅವನು ಅದನ್ನು ಬಿಡುವುದು ಅರಗು, ಹರಳು, ಸವಕಳಿ ಕಳೆದ ತೂಕ ಕೇಳಿದ ಮೇಲೆ, ನಿಟ್ಟುಸಿರಿನ ರೂಪದಲ್ಲಿ. ಒಡವೆಯನ್ನು ಗುಲಾಬಿ ಕಾಗದದಲ್ಲೇ ಏಕೆ ಸುತ್ತುತ್ತಾರೆಂಬ ಪ್ರಶ್ನೆ ಪ್ರತ್ಯೇಕ ಪಿಎಚ್‌.ಡಿ.ಗೆ ಅರ್ಹವಾದ್ದರಿಂದ ಕೈಬಿಡಲಾಗಿದೆ.

ಅಂಗಡಿಯ ಹಿಂದಿರುವ ಪತ್ತಾರನ ಕಥೆಗೆ ಮಾತ್ರ ನಗೆ ಒಗ್ಗುವುದಿಲ್ಲ. 1963ರ ಚಿನ್ನ ನಿಯಂತ್ರಣವು 14 ಕ್ಯಾರೆಟ್ ಮೀರಿದ ಒಡವೆ ಮಾಡಬಾರದೆಂದಾಗ ದೇಶದ ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು. ಅದರ ಬೆನ್ನಿಗೆ ಬಂದ 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಹಲವರ ಮಕ್ಕಳು ಬೇರೆ ಕಸುಬು ಹಿಡಿದಿದ್ದರು. ಈಗ ಶೋರೂಮುಗಳ ಯಂತ್ರದ ಮಾಲು ಬಂದು, ಪತ್ತಾರನಿಗೆ ಉಳಿದದ್ದು ಹೆಚ್ಚಾಗಿ ರಿಪೇರಿ.

ಓದುಗರಲ್ಲಿ ವಿನಂತಿ: ಅಂಗಡಿಕಾರನ ನೆನಪು ಎಷ್ಟೇ ಗಟ್ಟಿಯಿದ್ದರೂ ಚೀಟಿ ಬರೆಸಿಕೊಳ್ಳಿ. ಬಂಗಾರದ ತೂಕ, ಹರಳಿನ ತೂಕ, ಕೂಲಿ, ಮೂರೂ ಅದರಲ್ಲಿ ಬೇರೆ ಬೇರೆ ಇರಲಿ.