ಲಡಾಖ್ ತಿಪ್ಪೇಶ

ನಮ್ಮ ಹಿರೇಗುಂಟನೂರಿನಲ್ಲಿ ನಿಂತು ‘ತಿಪ್ಪೇಶ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿಡದ ಮನೆ ಈ ಸೀಮೆಯಲ್ಲಿ ಕಡಿಮೆ. ಹಾಗಾಗಿ ಟ್ರ್ಯಾಕ್ಟರ್ ತಿಪ್ಪೇಶ, ಡೈರಿ ತಿಪ್ಪೇಶ, ಎಲ್‌ಐಸಿ ತಿಪ್ಪೇಶ ಎಂಬ ವಿಂಗಡಣೆ ಮೊದಲಿನಿಂದಲೂ ಇತ್ತು. ಈಚೆಗೆ ಪಟ್ಟಿಗೆ ಸೇರಿದವನು ಲಡಾಖ್ ತಿಪ್ಪೇಶ. ಇವನು ಒಬ್ಬನೇ ಎಂದುಕೊಳ್ಳಬೇಡಿ. ಹಿರಿಯೂರಿನಲ್ಲಿ ಇದ್ದಾನೆ, ಹೊಸದುರ್ಗದಲ್ಲಿ ಇದ್ದಾನೆ, ಹೊಳಲ್ಕೆರೆಯಲ್ಲಂತೂ ಬೀದಿಗೊಬ್ಬ. ಅಲ್ಲಿ ಮಂಜನೋ ಕಾಂತನೋ ಆಗಿರುತ್ತಾನೆ, ಅಷ್ಟೇ ವ್ಯತ್ಯಾಸ.

ಗುರುತು ಹಿಡಿಯುವುದು ಕಷ್ಟವಲ್ಲ. ಡೈರಿಗೆ ಹಾಲು ಹಾಕಲು ಹೋಗುವಾಗಲೂ ಅವನ ಗಾಡಿಯ ಎರಡೂ ಪಕ್ಕ ಲಗೇಜಿನ ಕಬ್ಬಿಣದ ಚೌಕಟ್ಟು ಇರುತ್ತದೆ. ಆರು ಲೀಟರಿನ ಕ್ಯಾನನ್ನು ಅದಕ್ಕೆ ಕೊಕ್ಕೆಯ ರಬ್ಬರ್ ಹಗ್ಗದಿಂದ ಬಿಗಿದಿರುತ್ತಾನೆ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕ್ಯಾಮೆರಾ ಕೂರಿಸುವ ಪ್ಲಾಸ್ಟಿಕ್ ಕೊಂಡಿ. ಕ್ಯಾಮೆರಾ ಗೆಳೆಯನದು, ಬಂದ ವಾರದಲ್ಲೇ ಅವನು ವಾಪಸ್ ಕೇಳಿದ; ಕೊಂಡಿ ಮಾತ್ರ ಅಂಟಿಕೊಂಡು ಉಳಿದಿದೆ. ಹ್ಯಾಂಡಲಿಗೆ ಐದು ಬಣ್ಣದ ಬಟ್ಟೆ ತುಂಡುಗಳ ಟಿಬೆಟಿನ ಮಾಲೆ. ಅದನ್ನು ಕಂಡ ಅವನ ಅಜ್ಜಿ, “ಯಾವ ದೇವರಿಗೆ ಹರಕೆ ಕಟ್ಕಂಡಿದ್ಯೋ ಮಗ, ತೀರಿಸಾಕೆ ದುಡ್ಡೈತಾ?” ಎಂದು ಕೇಳಿ, ತಮ್ಮ ಪಾಲಿಗೂ ಇರಲಿ ಎಂದು ಪಕ್ಕದಲ್ಲೇ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಕಟ್ಟಿದರು. ಎರಡೂ ಈಗ ಜೊತೆಯಲ್ಲೇ ಗಾಳಿಗೆ ಅಲ್ಲಾಡುತ್ತವೆ.

ಇನ್ನು ಮಣ್ಣಿನ ವಿಷಯ. ಲಡಾಖಿನಿಂದ ಬಂದ ಗಾಡಿಯನ್ನು ತಿಪ್ಪೇಶ ತೊಳೆಯಲಿಲ್ಲ. ನಂಬರ್ ಪ್ಲೇಟು, ಮಡ್‌ಗಾರ್ಡು, ಎಂಜಿನ್ನಿನ ಸಂದುಗಳಲ್ಲಿ ಕೂತ ಧೂಳು ಅವನ ಪಾಲಿಗೆ ಪ್ರಸಾದ. ಆಯುಧಪೂಜೆಯ ದಿನ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕೊಡಲಿ, ಅಡಿಕೆ ಸುಲಿಯುವ ಮೆಷಿನ್ನು ಎಲ್ಲಕ್ಕೂ ಸ್ನಾನವಾಯಿತು. ಅವನ ಅಮ್ಮ ಬಕೆಟ್ ಹಿಡಿದು ಬೈಕಿನ ಹತ್ತಿರ ಹೋದರೆ ಇವನು ಅಡ್ಡ ನಿಂತ. “ಅಮ್ಮಾ, ಖರ್ದುಂಗ್ ಲಾ ಮಣ್ಣು ಇದು!” ಅಲ್ಲೇ ನಿಂತಿದ್ದ ಟ್ರ್ಯಾಕ್ಟರ್ ತಿಪ್ಪೇಶ ಬಗ್ಗಿ, ಉಗುರಿನಲ್ಲಿ ಒಂದು ಚೂರು ಕೆರೆದು, ಬೆರಳಲ್ಲಿ ತಿಕ್ಕಿ ನೋಡಿದ. “ಅಲ್ಲಿ ಮಣ್ಣು ಬೂದಿ ಬಣ್ಣ ಅಂತ ನೀನೇ ಫೋಟೋದಾಗೆ ತೋರ್ಸಿದ್ದೆ. ಇದು ಕೆಂಪೈತೆ. ಭೀಮಸಮುದ್ರದ ಅದಿರು ಲಾರಿ ಧೂಳು ಕಣೋ ಇದು.” ಊರೇ ನಕ್ಕಿತು. ತಿಪ್ಪೇಶ ಮಾತ್ರ, ಕೆಂಪಿನ ಅಡಿಯಲ್ಲಿ ಬೂದಿ ಬಣ್ಣದ ಪದರ ಇದೆ ಎಂದು ಈಗಲೂ ವಾದಿಸುತ್ತಾನೆ. ಇದ್ದರೂ ಇರಬಹುದು, ಕೆರೆದು ನೋಡಲು ಅವನು ಬಿಡಬೇಕಲ್ಲ.

ಈ ಹುಚ್ಚು ಹತ್ತಿದ್ದು 2022ರಲ್ಲಿ. ಆ ವರ್ಷ ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ನುಗ್ಗಿತು. ಎಲ್ಲರೂ ನೀರು ನೋಡಿ ಮಿರ್ಚಿ ಮಂಡಕ್ಕಿ ತಿಂದು ಮನೆಗೆ ಬಂದರು. ತಿಪ್ಪೇಶ ಅಲ್ಲಿ ನಿಂತಿದ್ದ ಬೆಂಗಳೂರಿನ ಬೈಕುಗಳ ಸಾಲು ನೋಡಿ ಬಂದ. ಅಲ್ಲಿಂದ ಮುಂದೆ ಅವನು ಎಲ್ಲಿಗೂ ‘ಹೋಗುವುದು’ ನಿಂತಿತು, ‘ರೈಡ್’ ಮಾಡತೊಡಗಿದ. ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲು ಹೋದರೆ ಅದು ಬ್ರೇಕ್‌ಫಾಸ್ಟ್ ರೈಡ್. ಜೋಗಿಮಟ್ಟಿಗೆ ಹೋಗಿ ಗಾಳಿಯಂತ್ರಗಳ ಮುಂದೆ ಕೈಚಾಚಿ ನಿಂತು ಬಂದರೆ ಹಿಲ್ ರೈಡ್. ಹೊಸದುರ್ಗಕ್ಕೆ ಅತ್ತೆ ಮಗಳ ಮದುವೆಗೆ ಹೋಗಿದ್ದಕ್ಕೂ ಏನೋ ಒಂದು ಹೆಸರಿತ್ತು, ಮರೆತಿದ್ದೇನೆ.

ಅವನ ಅಪ್ಪ ಈ ವಿಷಯದಲ್ಲಿ ಮಾತಾಡುವುದು ಕಡಿಮೆ. ಅವರ ಹತ್ತಿರ ಒಂದು ಎಜ್ಡಿ ಇದೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮಾಲು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಓಡುತ್ತದೆ. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಆ ಗಾಡಿಯಲ್ಲಿ ಮುಂದೊಂದು ಮಗು, ಹಿಂದೆ ಹೆಂಡತಿ, ಹೆಂಡತಿಯ ಮಡಿಲಲ್ಲಿ ಇನ್ನೊಂದು ಮಗು, ಪಕ್ಕಕ್ಕೊಂದು ಅಡಿಕೆ ಚೀಲ ಹೇರಿಕೊಂಡು ಭೀಮಸಮುದ್ರದ ಮಂಡಿಗೆ ಹೋಗಿ ಬಂದವರು ಅವರು. ಮೊಣಕಾಲು, ಮೊಣಕೈ, ಬೆನ್ನು, ಎದೆಗೆಲ್ಲ ಗಟ್ಟಿ ಹಲಗೆ ಕೂರಿಸಿದ ಮಗನ ಜಾಕೆಟ್ ನೋಡಿ ಒಂದೇ ಪ್ರಶ್ನೆ ಕೇಳಿದರು: “ಬೀಳಾಕೇ ಹೋಗ್ತಿದ್ದೀಯಾ?”

ಅವರ ನಿಜವಾದ ಸಂಕಟ ಬೇರೆ. ಹಿಮಾಲಯದ ಆ ರಸ್ತೆಗಳು ತೆರೆಯುವುದು ಹೆಚ್ಚುಕಡಿಮೆ ಜೂನ್ ಹೊತ್ತಿಗೆ, ಮುಚ್ಚುವುದು ಮಳೆಗಾಲ ಕಳೆದ ಮೇಲೆ. ಅಂದರೆ ಅಲ್ಲಿ ಹಿಮ ಕರಗುವ ಹೊತ್ತಿಗೆ ಸರಿಯಾಗಿ ಇಲ್ಲಿ ಕೂರಿಗೆ ಹೂಡಬೇಕು. “ಶೇಂಗಾ ಬಿತ್ತನೆ ಮುಗಿಸ್ಕಂಡು ಹೋಗೋ.” “ತಡ ಆದ್ರೆ ಹಿಮ ಬೀಳುತ್ತಪ್ಪಾ.” “ಬಿದ್ರೆ ಬೀಳ್ಲಿ ಬಿಡು, ನಮ್ಮ ಹೊಲಕ್ಕೇನು ಬೀಳುತ್ತಾ?” ಇದಕ್ಕೆ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮಗ ಮಾಡುವ ಕೆಲಸವನ್ನೇ ತಿಪ್ಪೇಶ ಮಾಡಿದ: ಅಮ್ಮನ ಕಡೆಯಿಂದ ಹೇಳಿಸಿದ.

ಗೆಳೆಯನೂ ಅವನೂ ಎರಡು ಗಾಡಿಯಲ್ಲಿ ಹೊರಟರು. ದಾರಿಯ ಬಗ್ಗೆ ತಿಪ್ಪೇಶನ ವಿವರಣೆ ಸರಳ. “ಚಿತ್ರದುರ್ಗದಾಗೆ ಹೈವೇ ಹತ್ತಿದ್ರೆ ಮುಗೀತು. ಬಲಕ್ಕೆ ಬೆಂಗಳೂರು, ಎಡಕ್ಕೆ ಡೆಲ್ಲಿ.” ಮಾತು ಸುಳ್ಳಲ್ಲ. ರಾಷ್ಟ್ರೀಯ ಹೆದ್ದಾರಿ 48 ಚೆನ್ನೈನಿಂದ ಹೊರಟು ನಮ್ಮ ದುರ್ಗವನ್ನು ಸವರಿಕೊಂಡು ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ, ಅಹಮದಾಬಾದ್, ಉದಯಪುರ, ಜೈಪುರದ ಮೇಲೆ ದಿಲ್ಲಿ ಮುಟ್ಟುತ್ತದೆ. ಆದರೆ ಇವರು ಉದಯಪುರದಲ್ಲಿ ಎಡಕ್ಕೆ ತಿರುಗಿ ಜೈಸಲ್ಮೇರ್‌ಗೆ ಹೋದರು. ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್, ಎರೆಭೂತ ಎಂಬ ದೊಡ್ಡ ಹಕ್ಕಿಯ ಕೊನೆಯ ಆಸರೆಗಳಲ್ಲಿ ಒಂದು. ಜೂನ್ ತಿಂಗಳಲ್ಲಿ ಅಲ್ಲಿ 45 ಡಿಗ್ರಿ ಬಿಸಿಲೆಂದರೆ ಯಾರೂ ತಲೆಯೆತ್ತಿಯೂ ನೋಡುವುದಿಲ್ಲ. ಹಿಮಕ್ಕೆಂದು ಕೊಂಡ ಜಾಕೆಟ್ ತೊಟ್ಟು ಇಬ್ಬರೂ ಒಂದು ಬೆಳಗ್ಗೆಯೆಲ್ಲ ಕಾದರು. ಎರೆಭೂತ ಬರಲಿಲ್ಲ, ಮೇಕೆಗಳು ಬಂದವು. ಒಂದು ಕಾಲಕ್ಕೆ ಈ ಹಕ್ಕಿ ನಮ್ಮ ರಾಣೆಬೆನ್ನೂರಿನಲ್ಲೂ ಇತ್ತು. 1974ರಲ್ಲಿ ಕೃಷ್ಣಮೃಗಗಳಿಗೆಂದು ಅಭಯಾರಣ್ಯವಾದ ಆ ಊರನ್ನು ಇವರು ಮೊದಲ ದಿನ ಬೆಳಗ್ಗೆಯೇ ನೂರರ ವೇಗದಲ್ಲಿ ದಾಟಿದ್ದರು.

ಹಕ್ಕಿ ಸಿಗದ ಬೇಸರಕ್ಕೆ ತಿಪ್ಪೇಶ ಒಂದು ಮರದ ಫೋಟೋ ತೆಗೆದುಕೊಂಡ. ಒಂದಲ್ಲ, ಮೊಬೈಲ್ ಬಿಸಿಯಾಗುವಷ್ಟು. ಮರಳಿನ ನಡುವೆ ಒಂಟಿಯಾಗಿ ನಿಂತ ಮುಳ್ಳಿನ ಮರ, ಹಿಂದೆ ಮುಳುಗುವ ಸೂರ್ಯ. ಊರಿಗೆ ಬಂದ ಮೇಲೆ ಎಲ್ಲರನ್ನೂ ಕೂರಿಸಿ ತೋರಿಸಿದ. “ಇದು ಖೇಜ್ರಿ ಅಂತ, ರಾಜಸ್ಥಾನದ ರಾಜ್ಯ ಮರ. ಮರುಭೂಮಿ ಬಿಟ್ರೆ ಎಲ್ಲೂ ಬೆಳೆಯಲ್ಲ.” ಅಜ್ಜಿ ಕನ್ನಡಕ ಏರಿಸಿ, ಮೊಬೈಲನ್ನು ದೂರ ಹಿಡಿದು ನೋಡಿದರು. “ಬನ್ನಿ ಮರ ಅಲ್ವೇನ್ಲಾ ಇದು? ಹಬ್ಬದ ದಿನ ಮುಡಿಯಾಕೆ ಹೋಗ್ತೀವಲ್ಲ, ಅದು!” ಅಜ್ಜಿ ಹೇಳಿದ್ದೇ ಸರಿ. ಖೇಜ್ರಿಯೂ ಬನ್ನಿಯೂ ಒಂದೇ ಮರ. ಮೂರು ರಾಜ್ಯ ದಾಟಿ ಹೋಗಿ ಅವನು ಊರಾಚೆಯ ಬನ್ನಿ ಮರದ ಫೋಟೋ ತಂದಿದ್ದ.

ಅಲ್ಲಿಂದ ಮನಾಲಿ. ಮನಾಲಿಯಿಂದ ಅಟಲ್ ಸುರಂಗ ದಾಟಿದರೆ ತಾಂಡಿ ಎಂಬಲ್ಲಿ ಪೆಟ್ರೋಲ್ ಪಂಪು. ಮುಂದಿನ ಪಂಪು 365 ಕಿಲೋಮೀಟರ್ ಎಂದು ಅಲ್ಲಿ ಬೋರ್ಡು. ಈ ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಳ್ಳದವನು ಲಡಾಖಿಗೆ ಹೋಗಿಲ್ಲ ಎಂದೇ ಲೆಕ್ಕ. ಅಲ್ಲಿ ಪೆಟ್ರೋಲ್ ತುಂಬಿಸಿಕೊಂಡ ಐದು ಲೀಟರಿನ ಕ್ಯಾನು ಈಗ ಮನೆಯಲ್ಲಿದೆ. ಅಡಿಕೆ ಕೊಯ್ಯುವವರಿಗೆ ಮಜ್ಜಿಗೆ ಒಯ್ಯಲು ಅಮ್ಮ ಅದನ್ನು ಕೇಳಿದ್ದರು. ವಾಸನೆ ಹೋಗಲಿಲ್ಲವೆಂದು ಬಿಟ್ಟರು.

ಸರ್ಚುವಿನ ಕತೆಯನ್ನು ತಿಪ್ಪೇಶ ಹೇಳುವುದೇ ಬೇರೆ, ಗೆಳೆಯ ಹೇಳುವುದೇ ಬೇರೆ. ನಾನು ಗೆಳೆಯನ ಕಡೆ. ನಾಲ್ಕು ಸಾವಿರ ಮೀಟರ್ ದಾಟಿದ ಆ ಬಯಲಲ್ಲಿ ಟೆಂಟು ಹಾಕಿ, ರಾಗಿ ಮುದ್ದೆ ಮಾಡಿ, ವಿಡಿಯೋ ತೆಗೆಯಬೇಕೆಂದು ತಿಪ್ಪೇಶ ಊರಿಂದಲೇ ಹಿಟ್ಟು ಕಟ್ಟಿಸಿಕೊಂಡು ಹೋಗಿದ್ದ. ಪುಟ್ಟ ಗ್ಯಾಸ್ ಒಲೆಯ ಮೇಲೆ ನೀರು ಬೇಗ ಕುದಿಯಿತು. ಕುದಿಯಲೇಬೇಕು, ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 86 ಡಿಗ್ರಿ ಸುಮಾರಿಗೇ ಕುದಿದುಬಿಡುತ್ತದೆ. ಕುದಿ ಬಂತೆಂದು ಹಿಟ್ಟು ಸುರಿದ. ತಿರುವಲು ನೋಡಿದರೆ ಮುದ್ದೆ ಕೋಲಿಲ್ಲ. ಎಲ್ಲ ಸಿದ್ಧತೆ ಮಾಡಿಕೊಂಡಿದ್ದವನಿಗೆ ಕೋಲೊಂದು ಮರೆತಿತ್ತು, ಕಡ್ಡಿ ಮುರಿಯೋಣವೆಂದರೆ ಕಣ್ಣಳತೆಯಲ್ಲಿ ಒಂದು ಗಿಡವಿಲ್ಲ. ಆಗ ಅವನು ಟೆಂಟಿನ ಅಲ್ಯುಮಿನಿಯಂ ಕೋಲು ತೆಗೆದುಕೊಂಡ. ಎರಡು ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ನಮ್ಮ ಹೆಂಗಸರು ತಿರುವುವ ಹಾಗೇ ಬಲವಾಗಿ ತಿರುವಿದ. ಮುದ್ದೆ ಗಟ್ಟಿಯಾಗತೊಡಗಿತು, ಕೋಲು ಬಗ್ಗತೊಡಗಿತು. ಕೊನೆಗೆ ಕೋಲೇ ಸೋತು ಕುಡುಗೋಲಿನಂತಾಯಿತು. ಮುದ್ದೆಯ ಒಳಗೆ ಹಸಿ ಹಿಟ್ಟಿನ ಗಂಟು, ಟೆಂಟು ಒಂದು ಕಡೆಗೆ ವಾಲಿ ನಿಂತಿತು. ರಾತ್ರಿ ಗಾಳಿ ಎದ್ದಾಗ ಇಬ್ಬರೂ ಎದ್ದು ಪಕ್ಕದ ಢಾಬಾದವನ ರಜಾಯಿಯೊಳಗೆ ಸೇರಿಕೊಂಡು, ಮ್ಯಾಗಿ ತಿಂದು ಮಲಗಿದರು. ತಿಪ್ಪೇಶ ಹೇಳುವ ಕತೆಯಲ್ಲಿ ಢಾಬಾ ಬರುವುದಿಲ್ಲ. ನಕ್ಷತ್ರಗಳು ಬರುತ್ತವೆ.

ಮುಂದೆ ಫೋನು ಸತ್ತಿತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ಮು ಲಡಾಖಿನಲ್ಲಿ ನಡೆಯುವುದಿಲ್ಲ. ಇಲ್ಲಿ ಅಮ್ಮ ನಾಯಕನಹಟ್ಟಿಗೆ ಮುಡಿಪು ಕಟ್ಟಿದರು, ಅಪ್ಪ ದಿನಕ್ಕೆರಡು ಸಲ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿ ಬರತೊಡಗಿದರು. ಲೇಹ್ ಮುಟ್ಟಿದ ಮೇಲೆ ಯಾರದೋ ಫೋನಿನಿಂದ ಕರೆ ಬಂತು. ಅಮ್ಮ ಕೇಳಿದ್ದು, “ಊಟ ಮಾಡಿದ್ಯಾ?” ಮಗ ಕೇಳಿದ್ದು, “ಸರ್ಚು ಫೋಟೋ ಸ್ಟೇಟಸ್‌ಗೆ ಹೋಗೈತಾ ನೋಡು.”

ಲಡಾಖಿನ ಖರ್ದುಂಗ್ ಲಾ ಘಟ್ಟದ ಬಗ್ಗೆ ನಿಜ ಹೇಳಿಬಿಡಬೇಕು. ಅಲ್ಲಿನ ಹಳೆಯ ಬೋರ್ಡಿನಲ್ಲಿ ಎತ್ತರ 18,380 ಅಡಿ ಎಂದಿತ್ತು. ಸರಿಯಾಗಿ ಅಳೆದವರ ಪ್ರಕಾರ ಅದು 5,359 ಮೀಟರ್, ಅಂದರೆ ಸುಮಾರು 17,582 ಅಡಿ. ಜಗತ್ತಿನಲ್ಲಿ ಬಡಾಯಿಯನ್ನು ಬೋರ್ಡೇ ಕೊಚ್ಚಿಕೊಂಡಿರುವ ಜಾಗ ಬೇರೆ ಇರಲಾರದು, ಹಾಗಾಗಿ ಅಲ್ಲಿಗೆ ಹೋಗಿ ಬಂದವರನ್ನು ಬೈಯುವುದು ನ್ಯಾಯವಲ್ಲ. ಅರಳಿಕಟ್ಟೆಯಲ್ಲಿ ತಿಪ್ಪೇಶ ಮೊದಲು ಹದಿನೆಂಟು ಸಾವಿರ ಅಂದ, ದಸರಾ ಹೊತ್ತಿಗೆ ಹದಿನೆಂಟೂವರೆ ಆಗಿತ್ತು, ದೀಪಾವಳಿಗೆ ಹತ್ತೊಂಬತ್ತರ ಹತ್ತಿರ ಬಂತು. ಅಷ್ಟರಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಉಮ್ಲಿಂಗ್ ಲಾಗೆ ಹೋಗಿ ಬಂದ. ಅದು 19,024 ಅಡಿ, ಗಡಿ ರಸ್ತೆ ಸಂಸ್ಥೆಯವರು ಹಾಕಿದ ಟಾರು ರಸ್ತೆ, 2021ರಲ್ಲಿ ಗಿನ್ನೆಸ್ ದಾಖಲೆಯೂ ಸಿಕ್ಕಿತ್ತು. ಆ ಸುದ್ದಿ ಕೇಳಿದ ದಿನ ತಿಪ್ಪೇಶ ಕಟ್ಟೆಗೆ ಬರಲಿಲ್ಲ. ಮಾರನೆಯ ದಿನ ಬಂದವನು ಎತ್ತರದ ಮಾತೆತ್ತದೆ, “ರೈಡಿಂಗ್ ಅಂದ್ರೆ ಎತ್ತರ ಅಲ್ಲ, ಅನುಭವ” ಎಂದ. ಇಂಥ ಮಾತನ್ನು ಎರಡನೆಯ ಸ್ಥಾನಕ್ಕೆ ಬಂದವರು ಮಾತ್ರ ಹೇಳುತ್ತಾರೆ.

ಆದರೆ ಅವನು ನಿಜವಾಗಿ ಕಲಿತು ಬಂದದ್ದು ಒಂದಿದೆ, ಅದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಗಾಡಿಯದು ಕಡ್ಡಿ ಚಕ್ರ, ಒಳಗೆ ಟ್ಯೂಬು. ಲಡಾಖಿನ ಮೋರೆ ಎಂಬ ಬಯಲಿನಲ್ಲಿ ಪಂಕ್ಚರ್ ಆಗಿ, ಉಸಿರು ಹತ್ತದ ಗಾಳಿಯಲ್ಲಿ ಮೊಣಕಾಲೂರಿ, ಟೈರು ಬಿಚ್ಚಿ, ಟ್ಯೂಬು ಎಳೆದು, ತೇಪೆ ಹಾಕಿ, ಕೈ ಪಂಪಿನಲ್ಲಿ ಗಾಳಿ ಹೊಡೆದಿದ್ದಾನೆ. ಈಗ ನಮ್ಮೂರ ರಸ್ತೆಯಲ್ಲಿ ಯಾರದೇ ಗಾಡಿ ನಿಂತಿದ್ದರೂ ತಿಪ್ಪೇಶ ನಿಲ್ಲಿಸುತ್ತಾನೆ. ಸ್ಪ್ಯಾನರಿನ ಚೀಲ ತೆಗೆಯುತ್ತಾನೆ. ಆ ಹೊತ್ತು ಲಡಾಖ್ ಎಂಬ ಪದ ಅವನ ಬಾಯಲ್ಲಿ ಬರುವುದಿಲ್ಲ.

ಮೊನ್ನೆ ಹಾಗೇ ಒಬ್ಬ ಕುರಿಗಾಹಿ ಅಜ್ಜನ ಮೊಮ್ಮಗನ ಟಿವಿಎಸ್ ಪಂಕ್ಚರ್ ಆಗಿತ್ತು. ಹಿರಿಯೂರು ಕಡೆಯ ಗೊಲ್ಲರಹಟ್ಟಿಯವರು, ಮಂದೆ ಹೊಡೆದುಕೊಂಡು ಬಂದಿದ್ದರು. ಬೇಸಿಗೆಯುದ್ದಕ್ಕೂ ಊರೂರು ತಿರುಗುತ್ತ, ಕೊಯ್ಲಾದ ಹೊಲಗಳಲ್ಲಿ ಕುರಿ ತರುಬಿ, ಕಂಬಳಿ ಹೊದ್ದು ಅಲ್ಲೇ ಮಲಗುವ ಜನ. ರಾತ್ರಿ ಬೀಳುವ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ತಿಪ್ಪೇಶ ತೇಪೆಗೆ ಅಂಟು ಬಳಿಯುತ್ತ ಬಗ್ಗಿದ್ದ. ಅಜ್ಜ ಬೈಕಿನ ಮೇಲೆ ಕಟ್ಟಿದ್ದ ಟೆಂಟಿನ ಚೀಲ ಮುಟ್ಟಿ ನೋಡಿದರು.

“ಏನಪ್ಪಾ ಇದು?”

“ಟೆಂಟು, ಅಜ್ಜ. ಹೊಲ, ಬಯಲು, ಎಲ್ಲಾದ್ರೂ ಮಲಗಬಹುದು. ದೂರ ಹೋಗಿದ್ದೆ, ಕಾಶ್ಮೀರದಾಚೆ.”

“ಒಳ್ಳೇದು, ಒಳ್ಳೇದು. ರಾತ್ರಿಗೆ ಹೊಲದೋರು ಎಷ್ಟು ಕೊಟ್ರು ನಿಂಗೆ?”

ತಿಪ್ಪೇಶ ತಲೆಯೆತ್ತಿದ. “ಅವ್ರೇನು ಕೊಡ್ತಾರಜ್ಜ? ಜಾಗಕ್ಕೆ ನಾನೇ ರಾತ್ರಿಗೆ ಐನೂರು ಕೊಟ್ಟೆ.”

ಅಜ್ಜ ಮೊಮ್ಮಗನ ಮುಖ ನೋಡಿದರು, ಮೊಮ್ಮಗ ನೆಲ ನೋಡಿದ. ಟೈರು ರಿಮ್ಮಿಗೆ ಕೂತು, ಗಾಳಿ ತುಂಬಿ, ಗಾಡಿ ಸ್ಟಾರ್ಟ್ ಆಗುವವರೆಗೂ ಅಜ್ಜ ಏನೂ ಅನ್ನಲಿಲ್ಲ. ತಿಪ್ಪೇಶ ದುಡ್ಡು ಬೇಡವೆಂದ. ಹಿಂದಿನ ಸೀಟಿಗೆ ಹತ್ತಿ ಕೂತ ಮೇಲೆ ಅಜ್ಜ ತಿಪ್ಪೇಶನ ಭುಜದ ಮೇಲೆ ಕೈಯಿಟ್ಟು ಹೇಳಿದರು:

“ಮುಂದಿನ ಸಲ ಹೋಗುವಾಗ ಹೇಳು ಮಗ, ಇಪ್ಪತ್ತು ಕುರಿ ಕೊಡ್ತೀನಿ ಹೊಡ್ಕಂಡು ಹೋಗು. ಪೆಟ್ರೋಲ್ ಖರ್ಚಾದ್ರೂ ಹುಟ್ಟುತ್ತೆ.”