ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪಾಠಯೋಜನೆಗಳು: ಒಂದು ಗ್ರಂಥಸಂಪಾದನಾತ್ಮಕ ವಿವೇಚನೆ

1. ವಿಷಯಪ್ರವೇಶ

ಕಂದಾಯದ ಲೆಕ್ಕಕ್ಕೆ ಒಂದೇ ಆದ ತುಮಕೂರು ಜಿಲ್ಲೆಯು ವಿದ್ಯೆಯ ಲೆಕ್ಕಕ್ಕೆ ಎರಡಾಗಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಪ್ರತ್ಯೇಕ ಅಭಿಧಾನವನ್ನು ಹೊಂದಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಈ ಸೀಮೆಯ ಕೋಟೆಕೊತ್ತಲಗಳನ್ನೂ ಶಿಲಾಶಾಸನಗಳನ್ನೂ ಕುರಿತು ಬರೆದವರುಂಟು. ಆರರಿಂದ ಎಂಟನೆಯ ತರಗತಿಗಳಿಗೆ ಕನ್ನಡ ಬೋಧಿಸುವ ಅಧ್ಯಾಪಕರ ಮೊಬೈಲುಗಳಲ್ಲಿ ಪಿಡಿಎಫ್ ರೂಪದಿಂದ ನಿಕ್ಷಿಪ್ತವಾಗಿರುವ ಪಾಠಯೋಜನೆಯೆಂಬ ವಾಙ್ಮಯವನ್ನು ಮಾತ್ರ ಯಾವ ಪಂಡಿತನೂ ಕಣ್ಣೆತ್ತಿ ನೋಡಿದಂತಿಲ್ಲ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಓಲೆಪ್ರತಿಗಳಿಗೆ ನಿರೂಪಿಸಿದ ಶಾಸ್ತ್ರವನ್ನು ಈ ಗರಿಯಿಲ್ಲದ ಗ್ರಂಥಗಳಿಗೂ ಅನ್ವಯಿಸಿ, ಯಾವುದು ಶುದ್ಧ, ಯಾವುದು ಉಪಯುಕ್ತ ಎಂಬುದನ್ನು ನಿರ್ಣಯಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

2. ಆಕರಗಳೂ ಕರ್ತೃವಿಚಾರವೂ

ಪ್ರತಿಗಳು ದೊರೆಯುವ ಭಂಡಾರಗಳು ಮೂರು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡಗೂಡಿ ಬೆಳೆಸಿದ, ಅಧ್ಯಾಪಕರೇ ಬರೆದು ಅಧ್ಯಾಪಕರೇ ತಿದ್ದಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲತಾಣವು ಮೊದಲನೆಯದು. 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ, ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಮೂಲಕ ಪ್ರವೇಶಿಸಬಹುದಾದ ದೀಕ್ಷಾ ಎರಡನೆಯದು. ವಾಟ್ಸಾಪ್ ಗ್ರೂಪು ಮೂರನೆಯದು. ಮೊದಲೆರಡರಲ್ಲಿ ಕರ್ತೃವಿನ ಸುಳಿವು ಸಿಕ್ಕುವ ಸಂಭವವುಂಟು. ಮೂರನೆಯದು ಅಪೌರುಷೇಯ, ಅಲ್ಲಿ ರಚಿಸಿದವರಾರೂ ಇಲ್ಲ, ಫಾರ್ವರ್ಡ್ ಮಾಡಿದ ದ್ರಷ್ಟಾರರಷ್ಟೇ ಇದ್ದಾರೆ. ಕಂಪ್ಯೂಟರಿನಲ್ಲಿ ಹಳೆಯ ‘ನುಡಿ’ ಅಕ್ಷರಗಳಿಂದ ಬೆರಳಚ್ಚಾದ ಕೆಲವು ಪ್ರತಿಗಳು ಮೊಬೈಲಿನಲ್ಲಿ ತೆರೆದೊಡನೆ ಕನ್ನಡವನ್ನು ತ್ಯಜಿಸಿ, ಟೋಪಿ ತೊಟ್ಟ ರೋಮನ್ ಅಕ್ಷರಗಳಾಗಿ ಪ್ರತ್ಯಕ್ಷವಾಗುವುದರಿಂದ, ಇವುಗಳ ಲಿಪಿಯು ಇನ್ನೂ ವಾಚನಕ್ಕೆ ವಶವಾಗಿಲ್ಲವೆಂದು ಲಿಪಿಶಾಸ್ತ್ರಜ್ಞರು ಭಾವಿಸಿದರೆ ಅದು ಅವರ ದೋಷವಲ್ಲ.

3. ಕಾಲನಿರ್ಣಯ

ಪ್ರತಿಗಳಲ್ಲಿ ತಿಥಿವಾರಗಳು ನಮೂದಾಗಿಲ್ಲದಿದ್ದರೂ ಅಂತರಂಗಪ್ರಮಾಣವು ಪ್ರಬಲವಾಗಿದೆ. ಶಿರಾ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಪರಿಷ್ಕೃತವಾದ ಪಠ್ಯಪುಸ್ತಕಗಳು 2017ರಲ್ಲಿ ಬಂದುವು. 2022ರಲ್ಲಿ ಮತ್ತೊಂದು ಸಮಿತಿಯ ಪರಿಷ್ಕರಣ, 2023ರಲ್ಲಿ ಆ ಪರಿಷ್ಕರಣದ ಮರುಪರಿಷ್ಕರಣ ನಡೆದುವು. ಇದರ ಫಲವಾಗಿ, ಕಾವ್ಯವು ಅಳಿದು ಟೀಕೆ ಮಾತ್ರ ಉಳಿದಂತೆ, ಪುಸ್ತಕದಿಂದ ನಿರ್ಗಮಿಸಿದ ಪಾಠಗಳ ಯೋಜನೆಗಳು ಜಾಲದಲ್ಲಿ ಇಂದಿಗೂ ಚಿರಂಜೀವಿಗಳಾಗಿ ಸಂಚರಿಸುತ್ತಿವೆ.

4. ಪಂಚಾಂಗವಿಚಾರ

ಜರ್ಮನಿಯ ಹರ್ಬಾರ್ಟನ (1776–1841) ಶಿಷ್ಯರು ಪಾಠಕ್ಕೆ ಐದು ಸೋಪಾನಗಳನ್ನು ಕಟ್ಟಿದರು, ನಮ್ಮ ಬಿ.ಎಡ್. ಪದವೀಧರರು ಅವುಗಳನ್ನು ತಲೆಮಾರುಗಳ ಕಾಲ ಕಂಠಸ್ಥಮಾಡಿಕೊಂಡರು. ಆ ಮೇಲೆ, 1987ರ ಸುಮಾರಿಗೆ ಅಮೆರಿಕದಲ್ಲಿ ರಾಜರ್ ಬೈಬೀ ಮತ್ತು ಸಂಗಡಿಗರು ವಿಜ್ಞಾನಬೋಧನೆಗೆಂದು ರೂಪಿಸಿದ, ಇಂಗ್ಲಿಷಿನ ‘ಇ’ ಅಕ್ಷರದಿಂದ ಮೊದಲಾಗುವ ಐದು ಹಂತಗಳು ಆಗಮಿಸಿ, ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ನಾಮಧೇಯಗಳಿಂದ ಕನ್ನಡದ ಪಾಠಯೋಜನೆಯಲ್ಲಿಯೂ ನೆಲಸಿದುವು. ಮಂಡೂಕದ ಅಂಗಾಂಗಗಳಿಗೆ ಒಪ್ಪುವ ಅನ್ವೇಷಣೆಯು ವಚನಕ್ಕೂ ಒಪ್ಪುವುದೇ ಎಂಬ ಶಂಕೆಗೆ ಸಮಾಧಾನವು ಯಾವ ಪ್ರತಿಯಲ್ಲಿಯೂ ಇಲ್ಲ. ಕೋಷ್ಟಕದ ಕಂಬಸಾಲುಗಳು ಐದಿರುವುದರಿಂದ ಅವನ್ನು ತುಂಬಲಾಗಿದೆಯೆಂಬುದಷ್ಟೇ ಸಿದ್ಧವಾಗುತ್ತದೆ. ತುಂಬದಿದ್ದರೆ ಭೇಟಿಗೆ ಬಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಸಹಿ ಹಾಕಲಾರರು.

5. ಪಾಠಾಂತರಗಳು

ಉದಾಹರಣಾರ್ಥವಾಗಿ ಒಂದು ಮೂಲಪ್ರತಿಯನ್ನು ಕಲ್ಪಿಸಿಕೊಳ್ಳೋಣ. ಕರಾವಳಿಯ ಅಧ್ಯಾಪಕರೊಬ್ಬರು ಒಂದು ಪದ್ಯಕ್ಕೆ ಪ್ರವೇಶಚಟುವಟಿಕೆಯಾಗಿ “ನೀವು ಸಮುದ್ರದ ದಡದಲ್ಲಿ ಕಂಡುದನ್ನು ಹೇಳಿರಿ” ಎಂದು ಬರೆದಿದ್ದಾರೆಂದಿಟ್ಟುಕೊಳ್ಳಿ. ಮಧುಗಿರಿಯ ಪ್ರತಿಕಾರನು ಶಾಲೆಯ ಹೆಸರನ್ನು ಮಾತ್ರ ಬದಲಿಸಿ ಸಮುದ್ರವನ್ನು ಹಾಗೆಯೇ ಉಳಿಸಿಕೊಳ್ಳುತ್ತಾನೆ. ಶಿರಾದವನು ಅಲ್ಲಿ ‘ಕೆರೆ’ ಎನ್ನುತ್ತಾನೆ. ಕೊರಟಗೆರೆಯವನು ‘ಜಯಮಂಗಲಿ’ ಎನ್ನುತ್ತಾನೆ. ಪಾವಗಡದವನು ಇನ್ನೂ ಧೃಷ್ಟನಾಗಿ, ಸಮುದ್ರವನ್ನೇ ಕಿತ್ತುಹಾಕಿ, ತಿರುಮಣಿಯ ಬಯಲಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದೊಡನೆ ಹರಡಿಕೊಂಡ ಸೌರಫಲಕಗಳನ್ನು ತಂದು ಕೂರಿಸುತ್ತಾನೆ. ಸಾಲದುದಕ್ಕೆ, ಆಂಧ್ರದ ಗಡಿಯ ಆ ಸೀಮೆಯಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು ಮೊದಲು ತೆಲುಗಿನಲ್ಲಿಯೇ ಹೇಳಿ ಬಳಿಕ ಕನ್ನಡಕ್ಕೆ ಬರಲಿ ಎಂಬ ಪ್ರಕ್ಷಿಪ್ತ ವಾಕ್ಯವೊಂದನ್ನೂ ಸೇರಿಸುತ್ತಾನೆ.

ಕ್ಲಿಷ್ಟಪಾಠವೇ ಗ್ರಾಹ್ಯವೆಂಬ ಶಾಸ್ತ್ರನಿಯಮದಂತೆ ‘ಸಮುದ್ರ’ವೇ ಮೂಲಪಾಠ, ಮಧುಗಿರಿಯದೇ ಶುದ್ಧಪ್ರತಿ, ಪಾವಗಡದ್ದು ಅತ್ಯಂತ ಭ್ರಷ್ಟ. ಆದರೆ ಶುದ್ಧಪ್ರತಿಯನ್ನು ಹಿಡಿದು ತರಗತಿಯನ್ನು ಹೊಕ್ಕಾಗ ಸಮುದ್ರವನ್ನೇ ಕಾಣದ ಮಕ್ಕಳು ಬಾಯಿ ತೆರೆಯಲಾರರು; ಭ್ರಷ್ಟಪ್ರತಿಯನ್ನು ಹಿಡಿದಾಗ ಅವರನ್ನು ಸುಮ್ಮನಿರಿಸುವುದೇ ಕಷ್ಟವಾದೀತು.

6. ನಿರ್ಣಯ

ಆದುದರಿಂದ, ಓಲೆಗರಿಯ ವಿಷಯದಲ್ಲಿ ಅಪರಾಧಿಯೆನಿಸುವ ಕೈಯಾಡಿಸುವ ಲಿಪಿಕಾರನೇ ಪಾಠಯೋಜನೆಯ ವಿಷಯದಲ್ಲಿ ನಿಜವಾದ ಅಧ್ಯಾಪಕನೆಂದೂ, ಎಷ್ಟು ಕೆಟ್ಟಿದೆಯೋ ಅಷ್ಟು ಉಪಯುಕ್ತವೆಂದೂ ಈ ಪ್ರಬಂಧವು ತೀರ್ಮಾನಿಸುತ್ತದೆ. ನಾಲ್ಕೂ ತಾಲ್ಲೂಕುಗಳ ಅಧ್ಯಾಪಕ ಮಹಾಶಯರಲ್ಲಿ ವಿಜ್ಞಾಪನೆಯಿಷ್ಟೆ: ಹಂಚುವ ಯೋಜನೆಯನ್ನು ಪಿಡಿಎಫ್ ಎಂಬ ಬಂದೀಖಾನೆಯಿಂದ ಬಿಡಿಸಿ, ತಿದ್ದಲು ಬರುವ ರೂಪದಲ್ಲಿ, ಯೂನಿಕೋಡಿನಲ್ಲಿ ಕಳುಹಿಸಿರಿ, ಯಾವ ವರ್ಷದ ಪುಸ್ತಕಕ್ಕೆ, ಯಾವ ಊರಿನ ಮಕ್ಕಳಿಗೆ ಬರೆದುದೆಂಬುದನ್ನು ಮೇಲೆ ನಮೂದಿಸಿರಿ, ಪಾಠ ಮುಗಿದ ಮೇಲೆ, ನಿಮ್ಮ ಯಾವ ಪ್ರಶ್ನೆಗೆ ತರಗತಿಯು ಮೌನವಾಯಿತೆಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ. ಆ ಒಂದು ಸಾಲು ಮುಂದಿನ ಅಧ್ಯಾಪಕನಿಗೆ ಐದು ಕಂಬಸಾಲುಗಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡುತ್ತದೆ.